ಕಾಣೆಯಾದ ಭಾನುವಾರ

2021ರ ಜನವರಿ 9, ಶನಿವಾರ. ರಾತ್ರಿ ಎಂಟೂವರೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನವೊಂದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದಾಗ ಸೋಮವಾರದ ನಸುಕು, ಗಂಟೆ ಮೂರೂ ಮುಕ್ಕಾಲರ ಆಸುಪಾಸು. ಈ ಎರಡು ಊರುಗಳ ನಡುವೆ ಎಲ್ಲೂ ತಂಗದೆ ಬಂದ ಮೊದಲ ವಿಮಾನ ಅದು. ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಹೆಂಗಸರು: ಜೋಯಾ ಅಗರ್ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಮರುದಿನ ಪತ್ರಿಕೆಗಳಲ್ಲೆಲ್ಲ ಅವರದೇ ಚಿತ್ರ.

ಗಡಿಯಾರದ ಲೆಕ್ಕಕ್ಕೆ ಅದು ಹದಿನೇಳು ಗಂಟೆ ಚಿಲ್ಲರೆಯ ಪ್ರಯಾಣ. ಕ್ಯಾಲೆಂಡರಿನ ಲೆಕ್ಕ ಬೇರೆ. ಹತ್ತಿದ್ದು ಶನಿವಾರ, ಇಳಿದದ್ದು ಸೋಮವಾರ. ನಡುವಿನ ಭಾನುವಾರದಲ್ಲಿ ಆ ವಿಮಾನದ ಯಾರೊಬ್ಬರೂ ನೆಲ ಮುಟ್ಟಲಿಲ್ಲ. ಹಬ್ಬವೋ ಹುಟ್ಟುಹಬ್ಬವೋ ಆ ದಿನವೇ ಇದ್ದವರು ಅದನ್ನು ಎಲ್ಲಿ ಆಚರಿಸಿದೆವು ಎಂದು ಹೇಳಬೇಕು? ಸೀಟಿನ ಸಂಖ್ಯೆ ಬಿಟ್ಟರೆ ಅವರ ಬಳಿ ಬೇರೆ ವಿಳಾಸವಿರಲಿಲ್ಲ.

ಆ ದಾರಿ ಉತ್ತರ ಧ್ರುವದ ಕಡೆಯಿಂದ ಬರುವಂಥದ್ದು. ಸೆಪ್ಟೆಂಬರಿನಲ್ಲಿ ಅಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಮಾರ್ಚಿಗೆ. ರೇಖಾಂಶಗಳೆಲ್ಲ ಒಂದೇ ಚುಕ್ಕಿಗೆ ಬಂದು ಸೇರುವ ಜಾಗವಾದ್ದರಿಂದ ‘ಈಗ ಗಂಟೆಯೆಷ್ಟು’ ಎಂದು ಕೇಳಿದರೆ ಅಲ್ಲಿ ಉತ್ತರವೇ ಇಲ್ಲ. ಇಷ್ಟ ಬಂದ ಗಂಟೆ ಇಟ್ಟುಕೊಳ್ಳಬಹುದು. ಪೈಲಟ್‌ಗಳಿಗೆ ಈ ತಾಪತ್ರಯವಿಲ್ಲ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಕಾಲದಲ್ಲಿ ಅವರ ಕೆಲಸ ನಡೆಯುತ್ತದೆ. ತೊಂದರೆ ನಮ್ಮಂಥವರದು. ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ ಪರದೆ ಹೊರಟ ಊರಿನ ಗಂಟೆ ತೋರಿಸುತ್ತದೆ, ಸೇರುವ ಊರಿನ ಗಂಟೆ ತೋರಿಸುತ್ತದೆ, ಇನ್ನೆಷ್ಟು ಹೊತ್ತಿದೆ ಎಂಬುದನ್ನೂ ತೋರಿಸುತ್ತದೆ. ‘ಇಲ್ಲಿ’ ಎಷ್ಟು ಗಂಟೆ ಎಂದು ಮಾತ್ರ ಅದು ಹೇಳುವುದಿಲ್ಲ. ಕೆಳಗೆ ಊರಿದ್ದರೂ ಸರಿ, ಸಮುದ್ರವಿದ್ದರೂ ಸರಿ, ಅದಕ್ಕೊಂದು ಹೊತ್ತಿದೆ ಎಂದು ಆ ಪರದೆಗೆ ಅನ್ನಿಸಿದಂತಿಲ್ಲ.

*

‘ಎಷ್ಟು ದೂರ?’ ಎಂದು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಬರುವ ಉತ್ತರ ಹೊತ್ತಿನದು. ‘ಒಂದು ಎಲೆ‌ಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಬಂದ್ಬಿಡುತ್ತೆ’ ಎನ್ನುತ್ತಿದ್ದರು. ಅದಕ್ಕೂ ಹತ್ತಿರವಾದರೆ ಕೂಗಳತೆ. ಹರದಾರಿ, ಗಾವುದ ಎಂಬ ಅಳತೆಗಳೂ ಇದ್ದವು. ಆದರೆ ಯಾರ ಬಾಯಲ್ಲೂ ಅವು ಹಗ್ಗ ಹಿಡಿದು ಅಳೆದಂತೆ ಬರುತ್ತಿರಲಿಲ್ಲ. ಕಾಲು ಎಷ್ಟು ನೋಯಬಹುದು ಎಂಬ ಅಂದಾಜಿನ ಹಾಗೆ ಬರುತ್ತಿದ್ದವು. ಏರು ಹಾದಿಯ ಹರದಾರಿ ಉದ್ದ, ಇಳಿಜಾರಿನದು ಗಿಡ್ಡ. ಇದನ್ನು ಅಜ್ಞಾನ ಎಂದು ನಗುವವರಿದ್ದಾರೆ. ಜಯನಗರದಿಂದ ದೇವನಹಳ್ಳಿಗೆ ಎಷ್ಟು ದೂರ ಎಂದು ಅವರನ್ನೇ ಕೇಳಿ ನೋಡಿ. ‘ಬೆಳಗ್ಗೆ ಐದಕ್ಕೆ ಹೊರಟರೆ ಒಂದು ಗಂಟೆ, ಎಂಟಕ್ಕೆ ಹೊರಟರೆ ದೇವರೇ ಗತಿ’ ಎನ್ನುತ್ತಾರೆ.

ವಿಮಾನದ ವಿಷಯದಲ್ಲಿ ಮಾತ್ರ ನಾವು ಬಲು ನಿಖರ. ಎರಡು ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ಫೋನು ಎರಡು ಸಂಖ್ಯೆಗಳನ್ನು ಮುಂದಿಡುತ್ತದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ 13,993 ಕಿಲೋಮೀಟರು, ಹದಿನಾರೋ ಹದಿನೇಳೋ ಗಂಟೆ. ಭೂಮಿಯ ಮೇಲೆ ಯಾವ ಎರಡು ಜಾಗಗಳನ್ನು ತೆಗೆದುಕೊಂಡರೂ ನಡುವಿನ ದೂರ ಸುಮಾರು 20,000 ಕಿ.ಮೀ. ದಾಟುವುದಿಲ್ಲ, ಅಷ್ಟರಲ್ಲಿ ಗೋಳದ ಇನ್ನೊಂದು ಬದಿಯೇ ಬಂದುಬಿಡುತ್ತದೆ. ಅಂದರೆ ಇರಬಹುದಾದ ದೂರದಲ್ಲಿ ಮೂರನೇ ಎರಡು ಭಾಗಕ್ಕೂ ಕೊಂಚ ಜಾಸ್ತಿ ಇದು. ಈ ಸಂಖ್ಯೆಗಳನ್ನು ನಾನೂ ಬಹಳ ಕಾಲ ನಂಬಿದ್ದೆ. ನನ್ನ ತಮ್ಮ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಫ್ರೀಮಾಂಟಿನಲ್ಲಿದ್ದಾನೆ. ‘ಹದಿನೇಳೇ ಗಂಟೆ ಅಣ್ಣ, ಹಿಂದಿನ ಕಾಲದಲ್ಲಿ ಊರಿಂದ ಧರ್ಮಸ್ಥಳಕ್ಕೆ ಗಾಡಿ ಕಟ್ಟಿದ್ರೂ ಇದಕ್ಕಿಂತ ಹೆಚ್ಚು ಹಿಡೀತಿತ್ತು’ ಎಂದು ಅವನು ಹೇಳಿದಾಗ, ಹೌದಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೇನೆ.

13,993 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಆಮೇಲೊಂದು ದಿನ ನೋಡಲು ಕೂತೆ. ಗೋಡೆಯ ನಕ್ಷೆ ಇದಕ್ಕೆ ಸಹಾಯ ಮಾಡುವುದಿಲ್ಲ. 1569ರಲ್ಲಿ ಮರ್ಕೇಟರ್ ಮಾಡಿಕೊಟ್ಟ ಆ ಚೌಕಟ್ಟಿನಲ್ಲಿ ಧ್ರುವದ ಕಡೆಯ ನೆಲ ಉಬ್ಬಿಕೊಂಡು ಕೂತಿರುತ್ತದೆ. ಅದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಅಮೆರಿಕಕ್ಕೆ ಹೋಗುವ ದಾರಿ ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಎಂದು ಸಾಗುತ್ತದೆ. ಶಾಲೆಯಲ್ಲಿರುವ ಗುಂಡನೆಯ ಗೋಳ ತೆಗೆದುಕೊಂಡು ಒಂದು ತುದಿ ಬೆಂಗಳೂರಿನಲ್ಲಿ, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿ ಒತ್ತಿ ಹಿಡಿದು ದಾರವನ್ನು ಬಿಗಿ ಮಾಡಿ. ದಾರ ತಾನಾಗಿ ಮೇಲಕ್ಕೆ ಸರಿಯುತ್ತದೆ. ನೇಪಾಳ, ಟಿಬೆಟ್, ಸೈಬೀರಿಯ, ಹೆಪ್ಪುಗಟ್ಟಿದ ಸಮುದ್ರದಂಚು, ಅಲಾಸ್ಕ, ಅಲ್ಲಿಂದ ಕೆಳಕ್ಕೆ. 71ನೇ ಅಕ್ಷಾಂಶದ ತನಕ ಹತ್ತಿ ಇಳಿಯುತ್ತದೆ. ಪಶ್ಚಿಮ ಎಂದುಕೊಂಡಿದ್ದ ಅಮೆರಿಕಕ್ಕೆ ಬೆಂಗಳೂರಿನಿಂದ ಹತ್ತಿರದ ದಾರಿ ಉತ್ತರದಲ್ಲಿ, ಅದೂ ಕೊಂಚ ಪೂರ್ವಕ್ಕೆ ವಾಲಿಕೊಂಡು. ತಮ್ಮ ಹೋದ ದಿಕ್ಕಿಗೆ ಎಂದು ನಮ್ಮಮ್ಮ ಇಪ್ಪತ್ತು ವರ್ಷದಿಂದ ಪಶ್ಚಿಮದ ಕಡೆ ಕೈ ತೋರಿಸುತ್ತಾಳೆ. ತಿದ್ದಲು ಹೋಗಲಿಲ್ಲ.

ಆ ದಾರದ ಗುಂಟ ವಿಮಾನ ಹಾರುವುದಿಲ್ಲ. ಅದು ಗೊತ್ತಾದ ಮೇಲೇ ನನಗೆ ಈ ವಿಷಯ ತಲೆಗೆ ಹತ್ತಿದ್ದು.

*

ಅಡ್ಡ ಇರುವುದು ಟಿಬೆಟ್. ವಿಮಾನ ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿರುವಾಗ ಒಳಗಿನ ಗಾಳಿಯ ಒತ್ತಡ ತಪ್ಪಿತು ಎನ್ನಿ. ತಲೆಯ ಮೇಲಿಂದ ಜೋತುಬೀಳುವ ಹಳದಿ ಮುಖವಾಡದಲ್ಲಿ ಆಮ್ಲಜನಕ ಇರುವುದು ಕೆಲವೇ ನಿಮಿಷಗಳಿಗೆ. ಅಷ್ಟರಲ್ಲಿ ಪೈಲಟ್ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿಲೋಮೀಟರಿಗೆ ಇಳಿಸಬೇಕು. ಅಲ್ಲಿ ಮನುಷ್ಯ ಉಸಿರಾಡಬಹುದು. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಕಿಲೋಮೀಟರು. ಇಳಿಯುವ ಎತ್ತರ ಅಲ್ಲಿ ನೆಲದ ಒಳಗಿದೆ. ಹಾಗಾಗಿ ದೂರದ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿಕೊಂಡೇ ಹೋಗುತ್ತವೆ. ಹಾರಲು ಅಡ್ಡಿಯೇನಿಲ್ಲ, ಆ ಬೆಟ್ಟಗಳ ಮೇಲೆ ಹಾಯಾಗಿ ಹಾರಬಹುದು. ತೊಡಕಿರುವುದು ಇಳಿಯುವುದರಲ್ಲಿ.

ಎರಡು ಎಂಜಿನ್ನಿನ ವಿಮಾನಗಳಿಗೆ ಇನ್ನೊಂದು ನಿಯಮವಿದೆ. ಒಂದು ಎಂಜಿನ್ ನಿಂತರೆ ಇನ್ನೊಂದರ ಬಲದಲ್ಲೇ ಇಂತಿಷ್ಟು ನಿಮಿಷದೊಳಗೆ ತಲುಪಬಹುದಾದ ನಿಲ್ದಾಣವೊಂದು ದಾರಿಯುದ್ದಕ್ಕೂ ಇರಲೇಬೇಕು. ಆದ್ದರಿಂದ ದಾರಿ ಹಾಕುವವರು ಮೊದಲು ನೋಡುವುದು ಹೋಗಬೇಕಾದ ಊರನ್ನಲ್ಲ, ಹೋಗಬೇಕಾಗಿ ಬರಬಾರದ ಊರುಗಳನ್ನು. ಟಿಕೆಟ್ಟಿನಲ್ಲಿ ಅವುಗಳ ಹೆಸರಿಲ್ಲ. ನಾವು ಪರದೆಯಲ್ಲಿ ನೋಡುವ ಆ ನಯವಾದ ಬಿಲ್ಲಿನಂಥ ಗೆರೆ ಹುಟ್ಟುವುದು ಅವುಗಳಿಂದಲೇ.

ಧ್ರುವದ ದಾರಿಗೆ ಅದರದೇ ಕಟ್ಟುಪಾಡು. ಕಾಂತಸೂಜಿ ಅಲ್ಲಿ ದಿಕ್ಕೆಟ್ಟು ಒದ್ದಾಡುತ್ತದೆ. ವಿಮಾನದ ಇಂಧನಕ್ಕೂ ಹೆಪ್ಪುಗಟ್ಟುವ ಮಟ್ಟವಿದೆ, ಒಂದು ಬಗೆಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಇನ್ನೊಂದಕ್ಕೆ 47. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವುದುಂಟು, ಆದ್ದರಿಂದ ಟ್ಯಾಂಕಿನ ತಾಪಮಾನದ ಮೇಲೆ ಪೈಲಟ್ ಕಣ್ಣಿಟ್ಟೇ ಇರಬೇಕು. ಜೋಯಾ ಅಗರ್ವಾಲರ ತಂಡ ಆ ರಾತ್ರಿ ಹಾರಿದ ದಾರಿ ಸುಮಾರು 16,000 ಕಿ.ಮೀ. ಎಂದು ವರದಿಯಾಗಿತ್ತು. ದಾರ ಹಿಡಿದು ಅಳೆದದ್ದಕ್ಕಿಂತ ಎರಡು ಸಾವಿರ ಹೆಚ್ಚು. ಬೆಂಗಳೂರಿನಿಂದ ದೆಹಲಿಗೆ ಹೋಗಿ ಮುಗಿಸಿದರೂ ಇನ್ನೂ ಉಳಿಯುತ್ತದೆ.

2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನದ ಎಂಜಿನ್ನೊಂದರಲ್ಲಿ ದೋಷ ಕಂಡಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಇಳಿದದ್ದು ರಷ್ಯದ ದೂರಪೂರ್ವದ ಮಗದಾನ್‌ನಲ್ಲಿ. ಸ್ಟಾಲಿನ್ ಕಾಲದಲ್ಲಿ ಕೊಲಿಮಾದ ಸೆರೆಶಿಬಿರಗಳಿಗೆ ಕೈದಿಗಳನ್ನು ಇಳಿಸುತ್ತಿದ್ದ ರೇವು ಅದು. ಭಾಷೆ ಬಾರದ, ಕಾರ್ಡು ನಡೆಯದ ಊರು. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಮಲಗಿ, ಇನ್ನೊಂದು ವಿಮಾನ ಬಂದು ಅವರು ಹೊರಡುವಷ್ಟರಲ್ಲಿ ಒಂದು ದಿನಕ್ಕೂ ಮೇಲಾಗಿತ್ತು. ಅವರ ಕಷ್ಟವನ್ನು ಹಗುರ ಮಾಡಿ ಹೇಳುತ್ತಿಲ್ಲ. ಆದರೆ ಆ ದಾರಿ ಅಲ್ಲಿ ಹಾದು ಹೋಗಿದ್ದೇ ಮಗದಾನ್ ಇದ್ದದ್ದರಿಂದ. ಇಳಿಯಲು ಒಂದು ಜಾಗವಿದೆ ಎಂಬ ಧೈರ್ಯದ ಮೇಲೆ ಗೆರೆ ಎಳೆದಿರುತ್ತಾರೆ. ನಾವು ಆ ಗೆರೆಯ ಉದ್ದವನ್ನು ದೂರ ಎಂದು ಕರೆಯುತ್ತೇವೆ.

ಮನುಷ್ಯರ ದೂರವೂ ಹೀಗೇ ಇರಬಹುದೇ ಎಂದು ಯೋಚನೆ ಹರಿಯುತ್ತದೆ. ಹೊರ ಊರಿಗೆ ಹೋದ ಮೊದಲ ವರ್ಷ ತಮ್ಮ ಎಲ್ಲಿ ಬಾಡಿಗೆಗೆ ಮನೆ ಹಿಡಿದ? ಕೆಲಸಕ್ಕೆ ಹತ್ತಿರವಾದಲ್ಲಿ ಅಲ್ಲ, ಹಾಸನದ ಗೆಳೆಯನೊಬ್ಬನ ಮನೆಗೆ ಹತ್ತಿರವಾದಲ್ಲಿ. ದಿನಾ ಎರಡು ಗಂಟೆ ಕಾರಿನಲ್ಲಿ ಓಡಾಡಿದ. ಕೇಳಿದರೆ, ‘ಹೊಟ್ಟೆನೋವು ಬಂದ್ರೆ ರಾತ್ರಿ ಕನ್ನಡದಲ್ಲಿ ಹೇಳೋಕೆ ಯಾರಾದ್ರೂ ಬೇಕಲ್ಲ’ ಅಂದ.

*

ದೂರ ಹೆಚ್ಚಾದರೆ ಹೊತ್ತೂ ಹೆಚ್ಚಾಗಬೇಕು ಎಂಬುದು ಮೂರನೇ ತರಗತಿಯ ಗಣಿತ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಅದನ್ನೂ ತಲೆಕೆಳಗು ಮಾಡಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ವಿಮಾನವನ್ನು ಪೆಸಿಫಿಕ್ ಕಡೆಗೆ ತಿರುಗಿಸಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸದು 15,300. ಸಾವಿರದ ನಾನೂರು ಕಿಲೋಮೀಟರು ಹೆಚ್ಚು. ಆದರೂ ಮೊದಲ ಹಾರಾಟ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು, ಹಳೆಯದಕ್ಕಿಂತ ಸುಮಾರು ಎರಡು ಗಂಟೆ ಮೊದಲೇ. ಕಾರಣ ಗಾಳಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಎತ್ತರದ ಗಾಳಿಯ ಹೊಳೆಗಳೂ ಅದೇ ಕಡೆ ಹರಿಯುತ್ತವೆ. ಪಶ್ಚಿಮಕ್ಕೆ ಹೋದರೆ ಹೊಳೆಗೆ ಎದುರೀಜು, ಪೂರ್ವಕ್ಕೆ ಹೋದರೆ ಹೊಳೆಯೇ ಹೊತ್ತುಕೊಂಡು ಹೋಗುತ್ತದೆ. ತುಂಗೆಯಲ್ಲಿ ತೆಪ್ಪ ನಡೆಸಿದವನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಳೆಗಳಿಗಿಂತ ಗಟ್ಟಿಯಾದ ಅಡ್ಡಿಗಳನ್ನು ಸರಕಾರಗಳು ಹಾಕುತ್ತವೆ. ಉಕ್ರೇನ್ ಯುದ್ಧ ಶುರುವಾದಾಗ, 2022ರಲ್ಲಿ, ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯದ ಆಕಾಶ ಮುಚ್ಚಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಉತ್ತರ ಅಮೆರಿಕಕ್ಕೆ ಹೊರಟಿದ್ದ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿದು ಹೋಗಬೇಕಾಯಿತು. ಎರಡೂ ಸಲ ಭೂಮಿಯ ಮೇಲಿನ ಯಾವ ಊರೂ ಒಂದು ಗೇಣು ಸರಿಯಲಿಲ್ಲ. ಆದರೂ ಊರುಗಳು ಒಂದಕ್ಕೊಂದು ದೂರವಾದವು.

*

ಸಂಖ್ಯೆಗಳನ್ನು ಹೀಗೆ ಅನುಮಾನಿಸುತ್ತಿರುವಾಗಲೇ ಒಂದು ಗೌರವವನ್ನೂ ಸಲ್ಲಿಸಬೇಕು. ದೂರವನ್ನು ಸುಮ್ಮನೆ ಅಂದಾಜು ಮಾಡದೆ ಅಳೆದೇ ತೀರಬೇಕೆಂದು ಹಟ ಹಿಡಿದವನೊಬ್ಬ ನಮ್ಮ ಬೆಂಗಳೂರಿನಲ್ಲೇ ಇದ್ದ. ಟಿಪ್ಪು ಬಿದ್ದ ಮರುವರ್ಷ, 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ವಿಲಿಯಂ ಲ್ಯಾಂಬ್ಟನ್ ನೂರಡಿಯ ಉಕ್ಕಿನ ಸರಪಳಿ ಹಿಡಿದು ಅಗರಂ, ಬಾಣಸವಾಡಿಗಳ ನಡುವೆ ಒಂದು ನೇರ ಗೆರೆ ಅಳೆದ. ಬಂದ ಉದ್ದ ಏಳೂವರೆ ಮೈಲಿಗೆ ಸ್ವಲ್ಪ ಕಡಿಮೆ, ಹಿಡಿದ ಕಾಲ ಐವತ್ತೇಳು ದಿನ. ಮುಂದೆ ದೇಶವನ್ನೆಲ್ಲ ತ್ರಿಕೋನಗಳಲ್ಲಿ ಹೆಣೆದು ಹಿಮಾಲಯದ ತನಕ ಮುಟ್ಟಿದ ಮಹಾ ಸರ್ವೇಕ್ಷಣೆಯ ತಾಲೀಮು ಅಲ್ಲಿ ನಡೆಯಿತು. ಇವತ್ತು ದೇವನಹಳ್ಳಿಯಿಂದ ಎದ್ದ ವಿಮಾನ ಪೂರ್ಣ ವೇಗಕ್ಕೆ ಬಂದ ಮೇಲೆ ಅಷ್ಟು ದೂರವನ್ನು ಒಂದು ನಿಮಿಷದೊಳಗೆ ದಾಟುತ್ತದೆ. ಇಬ್ಬರಲ್ಲಿ ಆ ನೆಲವನ್ನು ಹೆಚ್ಚು ಬಲ್ಲವರು ಯಾರು ಎಂದು ಕೇಳಬಾರದು. ಕೇಳಿದರೆ ಉತ್ತರ ಗೊತ್ತೇ ಇದೆ. ಆಮೇಲಿನ ಅಳತೆಗಾಗಿ 1868ರಲ್ಲಿ ಹೆಣ್ಣೂರು ದಾರಿಯ ಕಣ್ಣೂರಿನಲ್ಲಿ ಕಟ್ಟಿದ್ದ ಪುಟ್ಟ ವೀಕ್ಷಣಾ ಕಟ್ಟಡವೊಂದು ಮೊನ್ನೆ ಮೊನ್ನೆಯವರೆಗೂ ಇತ್ತು. ವಿಮಾನಕ್ಕೆ ಹೊತ್ತಾಯಿತೆಂದು ಒಳದಾರಿ ಹಿಡಿದವರು ಆ ಕಡೆಯಿಂದಲೇ ಹೋಗುತ್ತಾರೆ. 2024ರಲ್ಲಿ ಅದು ನೆಲಸಮವಾಯಿತು.

ಭಾರತದ ವಿಮಾನಯಾನದ ಮೊದಮೊದಲ ದಿನಗಳಲ್ಲೂ ನಮ್ಮ ನೆಲದ ಪಾಲಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು ಮುಂಬೈಗೆ ಬಂದರು. ಅಹಮದಾಬಾದಿನಲ್ಲಿ ಅವರ ವಿಮಾನಕ್ಕೆ ಇಂಧನದ ಡಬ್ಬಿಗಳನ್ನು ತಂದದ್ದು ಎತ್ತಿನ ಗಾಡಿ. ಮುಂಬೈಯಿಂದ ಮದರಾಸಿಗೆ ಅದನ್ನು ಮುಂದುವರಿಸಿದವರು ನೆವಿಲ್ ವಿನ್ಸೆಂಟ್, ಬಳ್ಳಾರಿಯಲ್ಲಿ ಇಳಿದು. ಆ ದಾರಿಗೆ ನಮ್ಮ ಬಳ್ಳಾರಿ ಬೇಕಿತ್ತು. ಈಗಿನ ವಿಮಾನಕ್ಕೆ ಬೇಕಿಲ್ಲ. ವೇಗ ಹೆಚ್ಚಿದ ಹಾಗೆಲ್ಲ ನಡುವಿನ ಊರುಗಳು ಉದುರಿಹೋಗುತ್ತವೆ; ಬಸ್ಸು ನಿಲ್ಲದ ಊರಿನವರಿಗೆ ಈ ಮಾತು ತಟ್ಟನೆ ತಿಳಿಯುತ್ತದೆ.

*

ಅಪ್ಪ ತೀರಿಕೊಂಡದ್ದು ಬೇಸಿಗೆಯಲ್ಲಿ, ತಿಪಟೂರು ಪಕ್ಕದ ನಮ್ಮ ಊರಲ್ಲಿ, ಒಂದು ಬುಧವಾರ ಬೆಳಗ್ಗೆ. ಸಾವಿನ ಮನೆಗೆ ಬಂದವರು ಮೊದಲು ಅಳುತ್ತಾರೆ, ಆಮೇಲೆ ಕೇಳುತ್ತಾರೆ: ‘ಮಣ್ಣು ಎಷ್ಟೊತ್ತಿಗೆ?’ ಅದಕ್ಕೆ ಉತ್ತರ ಕೊಡಬೇಕಾದವನು ಫ್ರೀಮಾಂಟಿನಲ್ಲಿದ್ದ. ನೇರ ವಿಮಾನ ಶುರುವಾಗಿತ್ತು ನಿಜ, ಆದರೆ ಅದು ದಿನಾ ಇರಲಿಲ್ಲ. ಅಪ್ಪ ಆರಿಸಿಕೊಂಡದ್ದು ಅದಿಲ್ಲದ ದಿನವನ್ನು. ಕೊಲ್ಲಿಯ ಯಾವುದೋ ಊರಿನ ಮೂಲಕ ಟಿಕೆಟ್ಟು ಸಿಕ್ಕಿತು. ಅಲ್ಲಿ ಆರು ಗಂಟೆ ಕಾಯಬೇಕು.

ವಿಮಾನದವರಲ್ಲಿ ‘ಬ್ಲಾಕ್ ಟೈಮ್’ ಎಂಬ ಮಾತಿದೆ. ನಿಂತ ವಿಮಾನದ ಚಕ್ರಕ್ಕೆ, ತೇರಿನ ಗಾಲಿಗೆ ಕೊಡುವ ಹಾಗೆ, ಅಡ್ಡ ಕೊಟ್ಟಿರುವ ತುಂಡನ್ನು ತೆಗೆದ ಗಳಿಗೆಯಿಂದ, ಸೇರಿದ ಊರಿನಲ್ಲಿ ಮತ್ತೆ ಅಡ್ಡ ಕೊಡುವವರೆಗಿನ ಕಾಲ ಅದು. ಹದಿನೇಳು ಗಂಟೆ ಎಂದು ನಾವು ಹೇಳುವುದು ಇದನ್ನೇ. ಮೊದಲ ಫೋನು ಕಿವಿಗಿಟ್ಟದ್ದು, ರಜೆ ಕೇಳಿದ್ದು, ಪಾಸ್‌ಪೋರ್ಟು ಹುಡುಕಿದ್ದು, ಮೂರು ಗಂಟೆ ಮುಂಚೆ ಹೋಗಿ ಸಾಲಿನಲ್ಲಿ ನಿಂತದ್ದು, ಇಳಿದ ಮೇಲೆ ಮತ್ತೆ ಸಾಲು, ನೆಲಮಂಗಲದ ಟ್ರಾಫಿಕ್ಕು, ಇವು ಯಾವುವೂ ಅದರಲ್ಲಿ ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಎಲ್ಲವೂ ಬರುತ್ತಿತ್ತು, ಯಾಕೆಂದರೆ ತಿಪಟೂರಿನಿಂದ ಬಾಡಿಗೆಗೆ ತಂದ ಗಾಜಿನ ಫ್ರೀಜರ್ ಪೆಟ್ಟಿಗೆ ಅಷ್ಟು ಹೊತ್ತೂ ಗುಂಯ್‌ಗುಡಬೇಕಿತ್ತು. ಎರಡು ಸಲ ಕರೆಂಟು ಹೋಯಿತು, ಪಕ್ಕದ ತೋಟದವರು ಜನರೇಟರ್ ಕೊಟ್ಟರು. ಎಲ್ಲ ಸೇರಿ ಮೂವತ್ತಾರು ಗಂಟೆ. ಗುರುವಾರ ರಾತ್ರಿ ಅವನು ಬಂದ. ಶುಕ್ರವಾರ ಬೆಳಗ್ಗೆ ಮಣ್ಣು ಮಾಡಿದೆವು.

ಮೂರನೇ ಮನೆಯಲ್ಲಿರುವ ಚಿಕ್ಕಪ್ಪ ಬರಲಿಲ್ಲ. ತೋಟದ ಬದುವಿನ ತಕರಾರು, ಹನ್ನೆರಡು ವರ್ಷದ್ದು.

ತಮ್ಮ ಅಷ್ಟೂ ದಿನ ನಡುರಾತ್ರಿ ಎರಡಕ್ಕೆ ಎದ್ದು ಜಗುಲಿಯ ಮೇಲೆ ಕೂತಿರುತ್ತಿದ್ದ, ಮಧ್ಯಾಹ್ನ ಮಾತಾಡುತ್ತಲೇ ತೂಕಡಿಸುತ್ತಿದ್ದ. ಮೈ ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಜರುಗುತ್ತದೆ ಎನ್ನುತ್ತಾರೆ ಬಲ್ಲವರು. ಅವನ ಮೈ ಗುರುವಾರ ಬಂತು. ನಿದ್ದೆ ಊರಿಗೆ ಬಂದದ್ದು ಹನ್ನೊಂದನೇ ದಿನದ ಕಾರ್ಯ ಮುಗಿದ ರಾತ್ರಿ. ಆವತ್ತು ಎಂಟು ಗಂಟೆ ಅಲುಗಾಡದೆ ಮಲಗಿದ್ದ. ಮರುದಿನ ಅವನ ವಾಪಸು ಟಿಕೆಟ್ಟು.

*

‘ದೂರ’ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಇನ್ನೊಂದು ಅರ್ಥವಿತ್ತು. ತಿಂಗಳ ಮೂರು ದಿನ ಹೆಂಗಸರು ‘ದೂರ’ ಆಗುತ್ತಿದ್ದರು. ‘ಅತ್ತಿಗೆ ಎಲ್ಲಿ?’ ಎಂದರೆ ‘ದೂರ ಆಗಿದ್ದಾಳೆ’. ಹೋಗಿರುತ್ತಿದ್ದದ್ದು ಎಲ್ಲಿಗೂ ಅಲ್ಲ, ಹಿತ್ತಿಲ ಜಗುಲಿಗೆ. ಅಡುಗೆಮನೆಯ ಹೊಸಿಲಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ತಟ್ಟೆ ಬೇರೆ, ಚೊಂಬು ಬೇರೆ, ಮಗು ಅಳುತ್ತ ಓಡಿದರೂ ‘ಮುಟ್ಟಬೇಡ, ದೂರ!’ ಎಂಬ ಕೂಗು. ನಮ್ಮ ತುಮಕೂರು, ಪಕ್ಕದ ಚಿತ್ರದುರ್ಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಹಸಿ ಬಾಣಂತಿಯನ್ನೂ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇಡುವ ರೂಢಿ ಈ ಶತಮಾನದಲ್ಲೂ ಉಳಿದುಕೊಂಡಿದೆ. ಆ ಗುಡಿಸಲು ಹಟ್ಟಿಯಿಂದ ಕೂಗಳತೆಯಲ್ಲೇ ಇರುತ್ತದೆ. ಕೂಗಿದರೆ ಕೇಳುತ್ತದೆ, ಆದರೆ ಯಾರೂ ಹೋಗುವ ಹಾಗಿಲ್ಲ. ಇಪ್ಪತ್ತು ಹೆಜ್ಜೆಯನ್ನು ಎಷ್ಟು ಗಂಟೆಯಲ್ಲಿ ದಾಟಬಹುದು ಎಂದು ಯಾವ ಫೋನೂ ಹೇಳುವುದಿಲ್ಲ.

ನಾಲ್ವರು ಹೆಂಗಸರು ಧ್ರುವದ ಕಡೆಯಿಂದ ವಿಮಾನ ತಂದ ಸುದ್ದಿಯನ್ನು ನಾನು ಅತ್ತಿಗೆಗೆ ಓದಿ ಹೇಳಿದ್ದೆ. ಅವಳು ಕೇಳಿದ್ದು ಒಂದೇ: ‘ಆ ಮೂರು ದಿನದಲ್ಲೂ ಓಡಿಸ್ತಾರಾ?’ ಓಡಿಸ್ತಾರೆ ಅಂದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಚಿತ್ರ ನೋಡಿದಳು, ಬಹಳ ಹೊತ್ತು.

*

ಈಗ ಅಮ್ಮನಿಗೆ ಉಳಿದಿರುವುದು ಗಂಟೆಯ ಲೆಕ್ಕ. ಭಾರತದ ಗಡಿಯಾರ ವರ್ಷವಿಡೀ ಒಂದೇ. ಕ್ಯಾಲಿಫೋರ್ನಿಯಾದ್ದು ವರ್ಷಕ್ಕೆ ಎರಡು ಸಲ ಕದಲುತ್ತದೆ. ಬೇಸಿಗೆಯಲ್ಲಿ ಎರಡು ಊರುಗಳ ನಡುವೆ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ಅಮ್ಮ ದಿನಾ ರಾತ್ರಿ ಎಂಟಕ್ಕೆ ಊಟ ಮುಗಿಸಿ ಫೋನು ಮಾಡುತ್ತಾಳೆ. ಬೇಸಿಗೆಯಲ್ಲಿ ಆಗ ಅಲ್ಲಿ ಬೆಳಗಿನ ಏಳೂವರೆ, ತಮ್ಮ ಕಾಫಿ ಕುಡಿಯುತ್ತಿರುತ್ತಾನೆ. ಪ್ರತಿ ನವೆಂಬರಿನಲ್ಲೂ ಒಂದಷ್ಟು ದಿನ ಅವಳ ಲೆಕ್ಕ ತಪ್ಪಿ ಅವನನ್ನು ಆರೂವರೆಗೆ ಎಬ್ಬಿಸುತ್ತಾಳೆ. ಅವನು ಹೇಳುವುದಿಲ್ಲ. ‘ಏನೋ ಗಂಟಲು ಕಟ್ಟಿದೆ’ ಎಂದು ಅವಳು, ‘ಹೂಂ, ಸ್ವಲ್ಪ ಚಳಿ’ ಎಂದು ಅವನು.

ಹೀಗೇಕಾಗುತ್ತದೆ ಎಂದು ಒಮ್ಮೆ ಅವಳಿಗೆ ಬಿಡಿಸಿ ಹೇಳಲು ಹೋದೆ. ಮಾರ್ಚಿನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆ ದಿನ ಅವರಿಗೆ 23 ಗಂಟೆ ಅಷ್ಟೇ. ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಆ ಭಾನುವಾರಕ್ಕೆ ಅಲ್ಲಿ 25 ಗಂಟೆ.